ವೆಂಡೆಲ್ ಸ್ಕ್ಯಾಗ್ಸನ ಸ್ವತಂತ್ರ ಬಂದೂಕು

ಪಂಚನ್ ಕಣಿವೆಯಲ್ಲಿ ವೆಂಡೆಲ್ ಸ್ಕ್ಯಾಗ್ಸ್ ಕೈ ಹಾಕದ ಕೆಲಸವಿಲ್ಲ, ಅವನು ಕೈ ಹಾಕಿದ್ದರಲ್ಲಿ ಅಲುಗಾಡದೆ ನಿಂತದ್ದೂ ಇಲ್ಲ. ಮನೆಯ ಮುಂದಿನ ಜಗಲಿ ಅವನೇ ಕಟ್ಟಿದ್ದು. ಅದರ ಮೇಲೆ ಗೋಲಿ ಇಟ್ಟರೆ ತಾನಾಗಿ ಉರುಳಿ ಪಕ್ಕದ ಮನೆಯ ನಾಯಿಯ ಮುಂದೆ ಹೋಗಿ ನಿಲ್ಲುತ್ತದೆ. ಚರ್ಚಿಗೆ ಮರದ ಇಳಿಜಾರು ಮಾಡಿಕೊಟ್ಟವನೂ ಅವನೇ. ಗಾಲಿಕುರ್ಚಿಯ ಮುದುಕಿಯರು ಅದನ್ನು ಏರುವ ಮುಂಚೆ ಒಂದು ಪ್ರಾರ್ಥನೆ, ಇಳಿದ ಮೇಲೆ ಇನ್ನೊಂದು ಪ್ರಾರ್ಥನೆ ಮಾಡುತ್ತಾರೆ. ಊರಲ್ಲಿ ಭಕ್ತಿ ಉಳಿದಿದ್ದರೆ ಅದಕ್ಕೆ ಪಾದ್ರಿಯಷ್ಟೇ ವೆಂಡೆಲನೂ ಕಾರಣ.

ಹಾಗಂತ ಅವನು ಸೋಮಾರಿಯಲ್ಲ. ಮರ ಆರಿಸುತ್ತಾನೆ, ಅಳೆಯುತ್ತಾನೆ, ಕೊಯ್ಯುತ್ತಾನೆ, ಉಜ್ಜುತ್ತಾನೆ, ಎಣ್ಣೆ ಕೊಡುತ್ತಾನೆ. ಕೊನೆಯ ಸ್ಕ್ರೂವಿನ ಕೊನೆಯ ಸುತ್ತಿನ ಹೊತ್ತಿಗೆ ಮಾತ್ರ ಅವನ ಜೀವ ಮುಂದಿನ ಕೆಲಸಕ್ಕೆ ಹಾರಿಬಿಟ್ಟಿರುತ್ತದೆ. ಕೇಳಿದರೆ, "ಕೈಬಿಗಿ ಸಾಕು ಬಿಡು, ನಾಳೆ ಬಿಚ್ಬೇಕಾದ್ರೆ ಕಷ್ಟ ಆಗ್ತದೆ" ಅನ್ನುತ್ತಾನೆ. ಬಿಚ್ಚುವ ಕಷ್ಟ ಅವನಿಗೆ ಇದುವರೆಗೂ ಬಂದಿಲ್ಲ. ಎಲ್ಲವೂ ತಾನಾಗಿಯೇ ಬಿಚ್ಚಿಕೊಂಡಿವೆ.

ಅವನಪ್ಪ ಗಣಿಯಲ್ಲಿದ್ದ, ಅವನ ತಾತನೂ ಗಣಿಯಲ್ಲಿದ್ದ. ವೆಂಡೆಲ್ ಕೂಡ ಮೀಸೆ ಮೂಡುವ ಮುಂಚೆಯೇ ಕಲ್ಲಿದ್ದಲು ಸಾಗಿಸುವ ಬೆಲ್ಟಿನ ಪಕ್ಕ ಸಲಿಕೆ ಹಿಡಿದು ನಿಂತವನು. ಆಮೇಲೆ ಗಣಿ ಮುಚ್ಚಿತು. ಕಂಪನಿಯ ವಕೀಲರು ಹಾಡಹಗಲೇ ಕಾರಿನಲ್ಲಿ ಬಂದು, ಗೇಟಿಗೆ ಬೀಗ ಜಡಿದು, ಕಾರ್ಮಿಕರ ಆಸ್ಪತ್ರೆ ಖರ್ಚಿಗಿಟ್ಟಿದ್ದ ನಿಧಿಯನ್ನು ದಿವಾಳಿಯ ಲೆಕ್ಕಕ್ಕೆ ಸೇರಿಸಿ, ಇದೇ ಊರಿನಲ್ಲಿ ಊಟ ಮಾಡಿ ಹೋದರು. ಗಣಿಯ ನೀರು ಹರಿದು ತೊರೆ ಕಿತ್ತಳೆ ಬಣ್ಣಕ್ಕೆ ತಿರುಗಿತು. ವೆಸ್ಟ್ ವರ್ಜೀನಿಯಾದ ಈ ಮೂಲೆಯಲ್ಲಿ ಮನೆಗೆ ಕನಿಷ್ಠ ಮೂರು ಬಂದೂಕು ಇವೆ. ಅವತ್ತು ಯಾರೂ ಒಂದನ್ನೂ ಗೋಡೆಯಿಂದ ಇಳಿಸಲಿಲ್ಲ. ಇಳಿಸುವ ಮಾತು ಹಾಗಿರಲಿ, ಜಿಲ್ಲಾ ಕೇಂದ್ರದ ಸಭೆಗೆ ಹೋಗಿ ಒಂದು ಕೂಗು ಹಾಕಿ ಬನ್ನಿ ಅಂದರೆ ಅದಕ್ಕೂ ಜನ ಸಿಗಲಿಲ್ಲ. ಅವರು ವಾಷಿಂಗ್ಟನ್ನಿನಿಂದ ಸರ್ಕಾರ ಬಂದೂಕು ಕಿತ್ತುಕೊಳ್ಳಲು ಬರುತ್ತದೆಂದು ರಸ್ತೆ ಕಾಯುತ್ತಿದ್ದರು.

ರಸ್ತೆ ಕಾಯುವುದಕ್ಕೆ ಒಂದು ಪಡೆಯೂ ಇತ್ತು: ಪಂಚನ್ ಸ್ವಾತಂತ್ರ್ಯ ಪಡೆ. ನಾಲ್ಕು ಜನ, ಎಲ್ಲರನ್ನೂ ಸೇರಿಸಿದರೆ ಸರಿಯಿರುವ ಮೊಣಕಾಲು ಐದು. ಅದರ ಕರ್ನಲ್ ಡೆನ್ವರ್ ಕ್ಲೈನ್. ವಿಮೆ ಮಾರುವವನು. ಸೈನ್ಯದ ಮುಖ ಕಂಡವನಲ್ಲ. ಶಾಲೆಯ ಬ್ಯಾಂಡಿನಲ್ಲಿ ಡೋಲು ಬಾರಿಸಿದ್ದೇ ಅವನ ಸೇವಾನುಭವ. ಈ ಪಡೆಗೆ ವೆಂಡೆಲ್ ಶಸ್ತ್ರಾಗಾರದ ಮುಖ್ಯಸ್ಥ. ಗಣಿ ಮುಚ್ಚಿದ ಮೇಲೆ ಅವನು ಓಡಿಸುತ್ತಿದ್ದದ್ದು ಶಾಲೆಯ ಹಳದಿ ಬಸ್ಸು. ಮನೆಯ ಮೇಲಂತಸ್ತಿನಲ್ಲಿ ಅವನು ಹಾಲು ತರಲು ಮರೆತ ಗಂಡ. ನೆಲಮಾಳಿಗೆಗೆ ಇಳಿದರೆ ಮುಖ್ಯಸ್ಥ. ಹನ್ನೊಂದು ಮೆಟ್ಟಿಲು ಇಳಿಯುವಷ್ಟರಲ್ಲಿ ಮನುಷ್ಯನಿಗೆ ಅಷ್ಟು ಬಡ್ತಿ ಬೇರೆಲ್ಲಿ ಸಿಗುತ್ತದೆ?

ಆ ನೆಲಮಾಳಿಗೆಯಲ್ಲಿ ಹುಟ್ಟಿದ್ದು ಅವನ ಬಂದೂಕು. "ನಾನೇ ಕಟ್ಟಿದ್ದು" ಎಂದು ಅವನು ಹೇಳುವಾಗ ಕಬ್ಬಿಣದ ಅದಿರನ್ನೂ ಅವನೇ ಅಗೆದು ತಂದನೇನೋ ಅನ್ನಿಸಬೇಕು. ನಿಜವೇನೆಂದರೆ ನಳಿಗೆ ಒಂದು ರಾಜ್ಯದಿಂದ, ಹಿಡಿ ಇನ್ನೊಂದು ರಾಜ್ಯದಿಂದ, ಸ್ಪ್ರಿಂಗು ಮತ್ತೆಲ್ಲಿಂದಲೋ ಅಂಚೆಯಲ್ಲಿ ಬಂದವು. ಸರ್ಕಾರದ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲದವನು ಸರ್ಕಾರದ ಅಂಚೆಯವಳಿಗಾಗಿ ಬೆಳಿಗ್ಗೆಯಿಂದ ಕಿಟಕಿಯಲ್ಲಿ ನಿಂತಿರುತ್ತಿದ್ದ. ಬಂದದ್ದನ್ನೆಲ್ಲ ಜೋಡಿಸಿದ. ಜೋಡಿಸಿದ್ದು ಚೆನ್ನಾಗಿಯೇ ಇತ್ತು, ಒಂದು ಕಡೆ ಬಿಟ್ಟು.

ಆ ಒಂದು ಕಡೆಗೆ ಗ್ಯಾಸ್ ಬ್ಲಾಕ್ ಅಂತ ಹೆಸರು. ನಳಿಗೆಯ ಮೂತಿಗೆ ಹತ್ತಿರ, ಮೂಗುತಿಯ ಹಾಗೆ ಕೂತಿರುವ ಒಂದು ಉಕ್ಕಿನ ಗಂಟು. ಗುಂಡು ಹಾರಿದಾಗ ಅದರ ಹಿಂದಿನ ಹೊಗೆಯಲ್ಲಿ ಒಂದು ಗುಟುಕನ್ನು ಈ ಗಂಟು ಹಿಡಿದು, ಸಣ್ಣ ಕೊಳವೆಯಲ್ಲಿ ಹಿಂದಕ್ಕೆ ಊದುತ್ತದೆ. ಆ ಉಸಿರಿಗೆ ಖಾಲಿ ತೋಟಾ ಹೊರಗೆ ಬಿದ್ದು ಹೊಸದು ಒಳಗೆ ಬರುತ್ತದೆ. ಗಂಟು ಕೂದಲೆಳೆಯಷ್ಟು ಜರುಗಿದರೂ ಉಸಿರು ಸೋರಿಹೋಗುತ್ತದೆ. ಬಂದೂಕು ಒಂದೇ ಏಟಿಗೆ ಸುಸ್ತಾಗಿ ಮಲಗುತ್ತದೆ. ಅದು ಜರುಗದ ಹಾಗೆ ಹಿಡಿದಿರುವುದು ಅಡಿಯಲ್ಲಿರುವ ಎರಡು ಪುಟಾಣಿ ಸ್ಕ್ರೂಗಳು. ಅವೂ ವೆಂಡೆಲನ ಕೈಬಿಗಿ ಸ್ಕ್ರೂಗಳು.

ಇದಕ್ಕೆ ಮದ್ದು ಇಲ್ಲದಿಲ್ಲ. ಗಂಟಿಗೂ ನಳಿಗೆಗೂ ಸೇರಿಸಿ ಅಡ್ಡಲಾಗಿ ಒಂದು ಉಕ್ಕಿನ ಮೊಳೆ ಹೊಡೆದುಬಿಟ್ಟರೆ ಅದು ಜನ್ಮದಲ್ಲಿ ಅಲುಗುವುದಿಲ್ಲ. ಆದರೆ ಈ ಜನ ಪ್ರಾರ್ಥನೆಯಲ್ಲಿ ಒಬ್ಬರ ಕಾಲು ಇನ್ನೊಬ್ಬರು ತೊಳೆಯುವ ಶಾಸ್ತ್ರ ಇರಬೇಕೋ ಬೇಡವೋ ಅಂತ ಜಗಳವಾಡಿ ಒಂದು ಚರ್ಚನ್ನು ಎರಡು ಮಾಡಿಕೊಂಡವರು. ಗ್ಯಾಸ್ ಬ್ಲಾಕಿನಲ್ಲೂ ಪಂಥಗಳಾದವು. ಮೊಳೆ ಪಂಥ, ಸ್ಕ್ರೂ ಪಂಥ, ಅಂಟು ಪಂಥ. ಸ್ವಾತಂತ್ರ್ಯ ಪಡೆ ಸ್ಕ್ರೂ ಪಂಥಕ್ಕೆ ಸೇರಿದ್ದು. ಅದಕ್ಕೆ ಸಿದ್ಧಾಂತ ಒದಗಿಸಿದವನು ಕರ್ನಲ್ ಡೆನ್ವರ್.

"ಮೊಳೆ ಹೊಡದ್ರೆ ಮುಗೀತು ಕಣಯ್ಯಾ. ಮತ್ತೆ ಬಿಚ್ಚಂಗಿಲ್ಲ, ಬದಲಾಯಿಸಂಗಿಲ್ಲ. ಮೊಳೆ ಅನ್ನೋದು ತೆರಿಗೆ ಇದ್ದಂಗೆ. ಒಂದ್ಸಲ ಒಳಗೆ ಬಂದ್ರೆ ಹೊರಗೆ ಹೋಗಾಕಿಲ್ಲ. ಸ್ಕ್ರೂ ಅಂದ್ರೆ ಸ್ವಾತಂತ್ರ್ಯ."

ವೆಂಡೆಲನಿಗೆ ಇದು ವೇದವಾಕ್ಯವಾಯಿತು. ತನ್ನ ಕೈಬಿಗಿಗೆ ಇಂಥದೊಂದು ಘನವಾದ ಹೆಸರಿದೆ ಅಂತ ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಇವನ ಹೆಂಡತಿ ಟ್ವೈಲಾ ವೃದ್ಧಾಶ್ರಮದಲ್ಲಿ ಮುದುಕಿಯರ ತಲೆ ತೊಳೆದು, ಕೂದಲು ಕತ್ತರಿಸಿ, ಸುರುಳಿ ಸುತ್ತುವ ಕೆಲಸ ಮಾಡುತ್ತಿದ್ದಳು. ಅವಳು ಕೈಯಲ್ಲಿ ಕತ್ತರಿ ಹಿಡಿದರೆ ಬಾಯಿಗೂ ಸಾಣೆ ಹಿಡಿದ ಹಾಗೆ. ಶರತ್ಕಾಲದ ಒಂದು ಭಾನುವಾರ ಚರ್ಚಿನಿಂದ ಬಂದು, ಬೀನ್ಸ್ ಸಾರಿಗೆ ಜೋಳದ ರೊಟ್ಟಿ ಮುರಿದುಕೊಂಡು ತಿನ್ನುವಾಗ ಅವಳು ವಿಷಯ ತೆಗೆದಳು.

"ವೆಂಡೆಲ್, ನೆಲಮಾಳಿಗೆ ನಂಗೆ ಬೇಕು."

"ಯಾತಕ್ಕೆ?"

"ಅಂಗಡಿ ಇಡ್ತೀನಿ. ಕೂದ್ಲು ಕತ್ತರಿಸೋ ಅಂಗಡಿ. ನಮ್ಮೂರ ಹೆಂಗಸ್ರು ಗುಡ್ಡದಾಚೆ ಹೋಗಿ ಕೂದ್ಲು ಕತ್ತರಿಸ್ಕೊಂಡು ವಾಪಸ್ ಬರೋಷ್ಟೊತ್ಗೆ ಅದು ಮತ್ತೆ ಬೆಳ್ದಿರ್ತದೆ."

"ಅಲ್ಲಿ ನನ್ ಕೆಲ್ಸ ಐತೆ."

"ಏನ್ ಕೆಲ್ಸ?"

"ಬಂದೂಕು."

"ಎರಡು ವರ್ಷದಿಂದ ಅದೇ ಬಂದೂಕಲ್ವೇನೋ? ಅಷ್ಟೊತ್ತಿಗೆ ಆನೇನೂ ಮರಿ ಹಾಕ್ತದೆ."

ವೆಂಡೆಲ್ ರೊಟ್ಟಿಯನ್ನು ಸಾರಿನಲ್ಲಿ ಮುಳುಗಿಸಿದ. ಟ್ವೈಲಾ ಬಿಡಲಿಲ್ಲ. "ಇನ್ನೊಂದ್ ಮಾತು, ಮೊದ್ಲೇ ಹೇಳಿರ್ತೀನಿ. ಲೈಸೆನ್ಸ್ ಕೊಡೋಕೆ ಮುಂಚೆ ಇನ್ಸ್‌ಪೆಕ್ಟರ್ ಬಂದು ಜಾಗ ನೋಡ್ತಾರೆ."

"ಯಾವ ಇನ್ಸ್‌ಪೆಕ್ಟರ್?"

"ಸರ್ಕಾರದೋರು."

ಚಮಚ ತಟ್ಟೆಗೆ ಬಿತ್ತು. "ಸರ್ಕಾರದೋರಾ? ಈ ಮನೆಗಾ? ನನ್ ಹೆಣದ ಮೇಲೆ ಬರ್ಬೇಕು ಅವ್ರು."

"ನಿನ್ ಹೆಣ ನೋಡೋಕೆ ಅವ್ರಿಗೆ ಪುರುಸೊತ್ತಿಲ್ಲ. ನಲ್ಲೀಲಿ ಬಿಸಿನೀರು ಬರ್ತದಾ ಅಂತ ನೋಡ್ತಾರೆ, ಹೋಗ್ತಾರೆ."

ಮಾತಿಗೆ ಮಾತು ಬೆಳೆಯಿತು. ಕೊನೆಗೆ ವೆಂಡೆಲ್, ಗಂಡಸರು ಕೆಡುವ ಹಾಗೆಯೇ ಕೆಟ್ಟ. ಬಾಯಿಬಿಟ್ಟು ಬಾಜಿ ಕಟ್ಟಿದ. ನವೆಂಬರ್ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರದಲ್ಲಿ ಜಿಂಕೆ ಬೇಟೆ ಶುರುವಾಗುತ್ತದೆ. ಆ ಬೇಟೆಯ ಕಾಲ ಮುಗಿಯುವುದರೊಳಗೆ ತಾನು ಕಟ್ಟಿದ ಬಂದೂಕಿನಲ್ಲೇ ಕೋಡಿರುವ ಒಂದು ಗಂಡು ಜಿಂಕೆ ಹೊಡೆದು ತರುತ್ತೇನೆ, ತಂದರೆ ನೆಲಮಾಳಿಗೆಯ ಸುದ್ದಿ ಮತ್ತೆ ಎತ್ತಬಾರದು ಅಂದ.

"ತರ್ಲಿಲ್ಲ ಅಂದ್ರೆ?"

"ತರ್ಲಿಲ್ಲ ಅಂದ್ರೆ ನಿಂದು."

"ಇನ್ಸ್‌ಪೆಕ್ಟರ್ ಬಂದ್ರೆ ಬಾಗ್ಲು ತೆಗೆಯೋನು ನೀನೇ. ಗುರ್ ಅನ್ನಂಗಿಲ್ಲ."

"ಆಯ್ತು ಹೋಗು!"

ಟ್ವೈಲಾ ಎದ್ದು ಗಂಡನ ತಟ್ಟೆಗೆ ಇನ್ನೊಂದು ಸೌಟು ಬೀನ್ಸ್ ಬಡಿಸಿದಳು. ಸೋತ ಮೇಲೆ ಬಡಿಸಿದರೆ ಕನಿಕರ ಅನ್ನಿಸುತ್ತದೆ, ಈಗಲೇ ಬಡಿಸಿಬಿಡೋಣ ಅನ್ನುವ ಹಾಗಿತ್ತು ಅವಳ ಮುಖ.

ಬೇಟೆಯ ಮೊದಲ ಸೋಮವಾರ ಈ ಕಡೆ ಶಾಲೆಗೆ ರಜೆ, ಕೋರ್ಟಿಗೆ ಕಳ್ಳರೂ ಬರುವುದಿಲ್ಲ. ವೆಂಡೆಲ್ ಬೆಳಕು ಹರಿಯುವ ಮೊದಲೇ ಬೇಟೆಗಾರರ ಕಿತ್ತಳೆ ಕೋಟು ತೊಟ್ಟು, ಗುಡ್ಡ ಹತ್ತಿ, ತಾನೇ ಕಟ್ಟಿದ ಮರದ ಅಟ್ಟಣೆಯ ಬುಡದಲ್ಲಿ ಕೂತ. ಅಟ್ಟಣೆಯ ಮೇಲೆ ಕೂರಲಿಲ್ಲ. ಅದನ್ನು ಕಟ್ಟಿದವರು ಯಾರೆಂದು ಅವನಿಗೆ ಗೊತ್ತಿತ್ತು. ಬಿಸಿಲು ಮರದ ತುದಿಗೆ ಬಂದಾಗ ಜಿಂಕೆಯೂ ಬಂತು. ಕೋಡು ಅಂದರೆ ಕೋಡು. ಓಕ್ ಮರದಡಿ ಕಾಯಿ ಆರಿಸುತ್ತಾ ನಿಂತಿತ್ತು. ವೆಂಡೆಲ್ ಉಸಿರು ಕಟ್ಟಿ ಹೊಡೆದ. ಗುಂಡು ಓಕ್ ಮರಕ್ಕೆ ಬಿತ್ತು. ಪರವಾಗಿಲ್ಲ, ಇನ್ನೊಂದು ಇದೆಯಲ್ಲ ಎಂದು ಮತ್ತೆ ಬಂದೂಕಿನ ಕುದುರೆ ಎಳೆದ. ಟಕ್. ಇನ್ನೊಂದು ಇರಲಿಲ್ಲ. ಖಾಲಿ ತೋಟಾ ಒಳಗೇ ಕೂತಿತ್ತು.

ಜಿಂಕೆ ತಲೆಯೆತ್ತಿ ಸದ್ದು ಬಂದ ಕಡೆ ನೋಡಿತು. ವೆಂಡೆಲ್ ಬಂದೂಕಿನ ಹಿಂಬದಿಯ ಕೊಕ್ಕೆ ಹಿಡಿದು ಎಳೆದ. ಅದು ಸಿಕ್ಕಿಕೊಂಡಿತ್ತು. ಬಂದೂಕನ್ನು ಮೊಣಕಾಲ ನಡುವೆ ಇಟ್ಟು, ಹಟಮಾರಿ ಹಸುವಿನ ಕೆಚ್ಚಲಿಗೆ ಬಿದ್ದವನಂತೆ ಜಗ್ಗಿದ. ಜಿಂಕೆ ಇನ್ನೂ ಸ್ವಲ್ಪ ಹೊತ್ತು ನೋಡಿ, ಬಿಳಿ ಬಾಲ ಎತ್ತಿ, ನಿಧಾನವಾಗಿ ನಡೆದುಹೋಯಿತು. ಓಡಲೂ ಇಲ್ಲ. ಅದೇ ವೆಂಡೆಲನಿಗೆ ಹೆಚ್ಚು ಉರಿದದ್ದು.

ಮಧ್ಯಾಹ್ನ ಸ್ವಾತಂತ್ರ್ಯ ಪಡೆಯ ತುರ್ತು ಸಭೆ ನೆಲಮಾಳಿಗೆಯಲ್ಲಿ ಸೇರಿತು. ಗಂಟು ಮುಂದಕ್ಕೆ ಜರುಗಿದ್ದು ಕಣ್ಣಿಗೇ ಕಾಣುತ್ತಿತ್ತು. ಡೆನ್ವರ್ ಅದನ್ನು ಬೆರಳಿನಿಂದ ಆಡಿಸಿ, "ಹೂಂ, ಇದು ನಿನ್ ತಪ್ಪಲ್ಲ ವೆಂಡೆಲ್. ಸ್ಕ್ರೂ ಎಲ್ಲಿ ಮಾಡಿದ್ದು ನೋಡು, ಪರದೇಶದ್ದಿರ್ಬೇಕು" ಅಂದ. ಸ್ಕ್ರೂ ಪಕ್ಕದ ರಾಜ್ಯದ್ದು. ಕೊನೆಗೆ ಸಿದ್ಧಾಂತಕ್ಕೆ ಧಕ್ಕೆಯಾಗದ ಹಾಗೆ ಒಂದು ತಿದ್ದುಪಡಿ ತಂದರು: ಸ್ಕ್ರೂ ಇರಲಿ, ಜೊತೆಗೆ ಅಂಟು ಹಾಕೋಣ. ಕೆಂಪು ಅಂಟು ಹಾಕಿದರು. ಹಿತ್ತಲಲ್ಲಿ ನಿಂತು ಹೊಡೆದರು. ಒಂದು, ಎರಡು, ಮೂರು ಏಟು ಸರಿಯಾಗಿ ಹಾರಿತು. ಡೆನ್ವರ್ ಟೋಪಿ ಎತ್ತಿದ. ನಾಲ್ಕನೆಯದಕ್ಕೆ ನಳಿಗೆ ಕಾದು, ಅಂಟು ಬೆಲ್ಲದ ಪಾಕದ ಹಾಗೆ ಇಳಿದು, ಗಂಟು ಮತ್ತೆ ಜರುಗಿತು.

ಮೇಲಿನ ಕಿಟಕಿಯಿಂದ ಟ್ವೈಲಾ ಕೂಗಿದಳು: "ತಲೆ ತೊಳೆಯೋ ತೊಟ್ಟಿ ಆ ಗೋಡೆಗೆ ಇಡ್ಲೋ, ಈ ಗೋಡೆಗೆ ಇಡ್ಲೋ?"

ಬೇಟೆಯ ಕಾಲ ಅರ್ಧ ಕಳೆಯಿತು. ವೆಂಡೆಲ್ ದಿನಾ ಸ್ಕ್ರೂ ಬಿಗಿಯುವನು, ಗುಡ್ಡಕ್ಕೆ ಹೋಗುವನು, ಬರಿಗೈಯಲ್ಲಿ ಇಳಿಯುವನು. ಹಾದಿಯಲ್ಲಿ ಆರ್ವಿಲ್ ಮಾಮನ ಮನೆ. ಆರ್ವಿಲ್ ಅವನಪ್ಪನ ಜೊತೆ ಗಣಿಯಲ್ಲಿ ಚಾವಣಿ ಕುಸಿಯದ ಹಾಗೆ ಅದಕ್ಕೆ ಬೋಲ್ಟು ಹೊಡೆಯುತ್ತಿದ್ದ ಮುದುಕ. ಎದೆಯ ತುಂಬ ಕಲ್ಲಿದ್ದಲ ಪುಡಿ. ಮೂಗಿಗೆ ಆಮ್ಲಜನಕದ ನಳಿಕೆ. ಹಿಂದೆ ಮುಷ್ಕರದಲ್ಲಿ ಒಂದಿಡೀ ಚಳಿಗಾಲ ಗೇಟಿನ ಮುಂದೆ ಬೆಂಕಿ ಹಾಕಿಕೊಂಡು ಕೂತವನು, ಬಂದೂಕಿಲ್ಲದೆ. ಅವನಿಗೆ ಸ್ವಾತಂತ್ರ್ಯ ಪಡೆ ಅಂದರೆ ಟಿವಿಗಿಂತ ಒಳ್ಳೆಯ ಕಾಲಕ್ಷೇಪ.

"ಏನ್ಲಾ, ಜಿಂಕೆ ಇವತ್ತೂ ನಿನ್ ನೋಡಿ ನಗ್ತಾ?"

"ನಗ್ಲೂ ಇಲ್ಲ, ಬರ್ಲೂ ಇಲ್ಲ ಮಾಮ."

"ತಾ ಇಲ್ಲಿ ಅದನ್ನ." ಮುದುಕ ಬಂದೂಕು ಇಸಿದುಕೊಂಡು ಗಂಟನ್ನು ಹೆಬ್ಬೆರಳಿನಿಂದ ಅಲ್ಲಾಡಿಸಿದ. "ಇದ್ಕೊಂದು ಮೊಳೆ ಹೊಡ್ದು ಬಿಸಾಕೋ. ಕೆಳಗೆ ನನ್ ತೂತು ಕೊರೆಯೋ ಮೆಷಿನ್ನಿದೆ. ಕಾಫಿ ಕುಡಿಯೋಷ್ಟೊತ್ತು."

"ಅದಾಗಲ್ಲ ಮಾಮ. ಮೊಳೆ ಹೊಡದ್ರೆ ಮತ್ತೆ ಬಿಚ್ಚಂಗಿಲ್ಲ."

"ಯಾಕ್ ಬಿಚ್ಬೇಕು?"

ವೆಂಡೆಲ್ ಯೋಚಿಸಿದ. ಈ ಪ್ರಶ್ನೆ ಸಭೆಯಲ್ಲಿ ಬಂದಿರಲಿಲ್ಲ. "ಬಿಚ್ಚೋ ಹಕ್ಕು ಇರ್ಬೇಕು."

"ಅಯ್ಯೋ ನಿನ್ ಹಕ್ಕಿಗಿಷ್ಟು!" ಮುದುಕ ನಕ್ಕು ಕೆಮ್ಮಿ, ಕೆಮ್ಮಿ ನಕ್ಕು, ನಳಿಕೆ ಸರಿಮಾಡಿಕೊಂಡ. "ನಾನೂ ನಿಮ್ಮಪ್ಪನೂ ಬೆಟ್ಟದ ಹೊಟ್ಟೇಲಿ ಚಾವಣಿಗೆ ಬೋಲ್ಟು ಹೊಡೀತಿದ್ವಲ್ಲ, ಒಂದಿನಾನೂ ಚಾವಣೀನ ಕೇಳ್ಲಿಲ್ಲ ಕಣೋ, ನಿಂಗೆ ಸ್ವಾತಂತ್ರ್ಯ ಬೇಕೇನಪ್ಪಾ ಅಂತ. ಅದ್ಕೇ ನಿಮ್ಮಪ್ಪ ದಿನಾ ಸಂಜೆ ಮನೆಗೆ ಬಂದ. ಬಂದಿದ್ದಕ್ಕೇ ನೀನು ಹುಟ್ಟಿದ್ದು. ಅದೊಂದು ತಪ್ಪಾಯ್ತು ನಮ್ ಕಡೆಯಿಂದ."

ವೆಂಡೆಲನಿಗೆ ನಾಲಿಗೆಯ ತುದಿಗೆ "ಹೊಡಿ ಮಾಮ" ಅಂತ ಬಂದಿತ್ತು. ಆದರೆ ಬೇರೆಯವರ ಮೆಷಿನ್ನು ತಾಗಿದ ಮೇಲೆ ಅದು "ನಾನೇ ಕಟ್ಟಿದ್ದು" ಹೇಗಾಗುತ್ತದೆ? ಡೆನ್ವರನಿಗೆ ಏನು ಹೇಳುವುದು? ಮೊಳೆ ಪಂಥಕ್ಕೆ ಹೋದನಂತೆ ಅಂದರೆ ಪಡೆಯಲ್ಲಿ ಮುಖ ತೋರಿಸುವುದು ಹೇಗೆ? ಅವನು ಬಂದೂಕು ಇಸಿದುಕೊಂಡು ಮನೆಗೆ ನಡೆದ.

ಕೊನೆಯ ಶನಿವಾರ ಬಂತು. ಅವತ್ತು ಬೆಳಿಗ್ಗೆ ವೆಂಡೆಲ್ ಹಜಾರದ ಗೋಡೆಯ ಮೇಲಿದ್ದ ಅಪ್ಪನ ಹಳೆಯ ಬಂದೂಕನ್ನು ಕಂಬಳಿಯಲ್ಲಿ ಸುತ್ತಿ ಟ್ರಕ್ಕಿನ ಸೀಟಿನ ಹಿಂದೆ ಇಟ್ಟ. ಪ್ರತಿ ಏಟಿಗೂ ಕೈಯಿಂದ ಕೊಕ್ಕೆ ಎಳೆದು ತೋಟಾ ತುಂಬುವ ಮುದಿ ಬಂದೂಕು. ಅದಕ್ಕೆ ಗಂಟೂ ಇಲ್ಲ, ಉಸಿರೂ ಬೇಡ. ಇದನ್ನು ಬಳಸುವುದಕ್ಕಲ್ಲ, ಸುಮ್ಮನೆ ಒಂದು ಭದ್ರತೆಗೆ, ಎಂದು ತನಗೆ ತಾನೇ ಹೇಳಿಕೊಂಡ. ಗುಡ್ಡದ ಬುಡದಲ್ಲಿ ಟ್ರಕ್ಕು ನಿಲ್ಲಿಸಿದಾಗ, ಟ್ರಕ್ಕಿನಲ್ಲಿ ಬಿಟ್ಟರೆ ಯಾರಾದರೂ ಕದ್ದಾರು, ಹೆಗಲಿಗೆ ಹಾಕಿಕೊಳ್ಳೋಣ ಅಂದುಕೊಂಡ. ಓಕ್ ಮರದ ಹತ್ತಿರ ಬಂದಾಗ, ಮನೆಯಲ್ಲಿ ಕಟ್ಟಿದ್ದು ಭಾರ, ಸ್ವಲ್ಪ ಹೊತ್ತು ಮರಕ್ಕೆ ಒರಗಿಸೋಣ, ಕೈ ಖಾಲಿಯಿರುವುದು ಒಳ್ಳೆಯದಲ್ಲ, ಇದನ್ನು ಹಿಡಿದಿರೋಣ ಅಂದುಕೊಂಡ. ಮನುಷ್ಯ ಒಂದೇ ಸಲಕ್ಕೆ ಕಳ್ಳನಾಗುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಾನೆ, ಪ್ರತಿ ಮೆಟ್ಟಿಲಲ್ಲೂ ಅವನ ಹತ್ತಿರ ಕಾರಣ ಇರುತ್ತದೆ.

ಜಿಂಕೆ ಬಂತು. ಮುದಿ ಬಂದೂಕು ಒಂದೇ ಸಲ ಗುಡುಗಿತು. ಜಿಂಕೆ ಹತ್ತು ಹೆಜ್ಜೆ ಓಡಿ ಬಿತ್ತು.

ವೆಂಡೆಲ್ ಹೋಗಿ ಅದರ ಕೋಡು ಹಿಡಿದು ನೋಡಿದ. ಆಮೇಲೆ ತಾನು ಕಟ್ಟಿದ ಬಂದೂಕನ್ನು ಎತ್ತಿಕೊಂಡು ಮಣ್ಣಿನ ದಿಬ್ಬಕ್ಕೆ ಒಂದು ಗುಂಡು ಹೊಡೆದ, ನಳಿಗೆ ಮೂಸಿದರೆ ಮದ್ದಿನ ವಾಸನೆ ಬರಬೇಕಲ್ಲ. ಅಷ್ಟು ಮಾಡಿಯೂ ನಾಚಿಕೆಯೇನೂ ಆಗಲಿಲ್ಲ. ಒಂದು ಮೊಳೆಯ ವಿಷಯದಲ್ಲಿ ನೀತಿಗೆ ಅಂಟಿಕೊಂಡವನಿಗೆ ಮಿಕ್ಕ ವಿಷಯಗಳಲ್ಲಿ ಸ್ವಲ್ಪ ಸಡಿಲ ಇರಬಹುದು ಅನ್ನಿಸಿತು.

ಮರುದಿನ ಚರ್ಚು ಬಿಟ್ಟ ಮೇಲೆ ವೆಂಡೆಲನ ಮನೆಯಲ್ಲಿ ಊಟ. ಡೆನ್ವರ್ ಇಸ್ತ್ರಿ ಮಾಡಿದ ಹಸಿರು ಅಂಗಿ ಹಾಕಿಕೊಂಡು ಬಂದಿದ್ದ, ಪಡೆಯ ಇನ್ನಿಬ್ಬರು ಹೊಟ್ಟೆ ಹಾಕಿಕೊಂಡು ಬಂದಿದ್ದರು. ಟ್ವೈಲಾಳೇ ಆರ್ವಿಲ್ ಮಾಮನನ್ನೂ ಕರೆದಿದ್ದಳು. ಅವನು ಆಮ್ಲಜನಕದ ಗಾಲಿಡಬ್ಬಿಯನ್ನು ಎಳೆದುಕೊಂಡು ಬಂದು, ಬಾಗಿಲ ಪಕ್ಕದ ಕುರ್ಚಿ ಹಿಡಿದ. ಹಿಂದಿನ ದಿನ ಹಿತ್ತಲಲ್ಲಿ ತೂಗುಹಾಕಿದ್ದ ಜಿಂಕೆಯನ್ನು ಟ್ವೈಲಾ ಅಡುಗೆಮನೆಯ ಮೇಜಿನ ಮೇಲೆ ಹಸನು ಮಾಡುತ್ತಿದ್ದಳು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಗಂಡಸರು ಹೊಡೆದ ಜಿಂಕೆ ಕೊಯ್ಯುವವಳು ಅವಳೇ. ಮಾವ ಬದುಕಿರುವತನಕ ಅವನದನ್ನೂ ಅವಳೇ ಕೊಯ್ದಿದ್ದಳು.

ಹಜಾರದಲ್ಲಿ ವೆಂಡೆಲ್ ಕತೆ ಹೇಳುತ್ತಿದ್ದ.

"ಒಂದೇ ಏಟಿಗೆ ಬಿತ್ತು. ಇನ್ನೊಂದು ಬೇಕಾದ್ರೆ ಇರ್ಲಿ ಅಂತ ತೋಟಾ ತಾನಾಗೇ ಒಳಗೆ ಬಂದು ಕೂತಿತ್ತು ಕಣಯ್ಯಾ! ಬೆಣ್ಣೆ! ಬೆಣ್ಣೆ ಇದ್ದಂಗೆ!"

"ಒಂದೇ ಏಟಾ?" ಆರ್ವಿಲ್ ಕೇಳಿದ. "ನಂಗೆ ಎರಡು ಸದ್ದು ಕೇಳಿಸ್ತಲ್ಲ. ಒಂದು ಢಂ ಅಂತು. ಎಷ್ಟೋ ಹೊತ್ತಿನ ಮೇಲೆ ಇನ್ನೊಂದು ಟಪ್ ಅಂತು."

"ಗುಡ್ಡದಲ್ಲಿ ಪ್ರತಿಧ್ವನಿ ಹಂಗೇ ಮಾಮ."

"ಅಪ್ಪ ಒಂದು, ಮಗ ಇನ್ನೊಂದು ಮಾತಾಡ್ದಂಗಿತ್ತು," ಅಂದ ಮುದುಕ, ರೊಟ್ಟಿ ಮುರಿಯುತ್ತಾ.

ಡೆನ್ವರ್ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. ಇಂದಿನಿಂದ ಈ ಮನೆಯ ನೆಲಮಾಳಿಗೆ ಪಡೆಯ ಶಾಶ್ವತ ಕೇಂದ್ರವೆಂದೂ, ಸ್ಕ್ರೂ ಸಿದ್ಧಾಂತ ಗೆದ್ದಿದೆಯೆಂದೂ, ಗುಲಾಮರ ಮೊಳೆಗೆ ಇಲ್ಲಿ ಜಾಗವಿಲ್ಲವೆಂದೂ ಭಾಷಣ ಮಾಡಿದ. ಟ್ವೈಲಾ ಹುರಿದ ಮಾಂಸದ ಬಾಣಲೆ ತಂದು ಮೇಜಿನ ನಡುವೆ ಇಟ್ಟಳು. ಬನ್ನಿನಂಥ ಮೆತ್ತನೆಯ ಬಿಸ್ಕತ್ತು, ಅದರ ಮೇಲೆ ಸುರಿಯುವ ಬಿಳಿ ಸಾರು, ಕಾಫಿ ಬಂತು. ಎಲ್ಲರಿಗೂ ಬಡಿಸಿ, ಗಂಡನ ಕಾಫಿ ಬಟ್ಟಲು ಇಟ್ಟು, ಏಪ್ರನ್ನಿನ ಜೇಬಿನಿಂದ ಏನನ್ನೋ ತೆಗೆದು ಅವನ ಬಸಿಯಲ್ಲಿ ಹಾಕಿದಳು. ಟಣ್ ಅಂತ ಸದ್ದಾಯಿತು.

"ಸಕ್ಕರೆ ಸಾಕಾ?" ಅಂದಳು.

ಅದು ಅಣಬೆಯ ಹಾಗೆ ಅರಳಿದ ಸೀಸದ ಗುಂಡು. ಹೆಬ್ಬೆರಳಿನ ಉಗುರಿನಷ್ಟಿತ್ತು. ವೆಂಡೆಲ್ ಕಟ್ಟಿದ ಬಂದೂಕಿನ ಗುಂಡು ಬಟಾಣಿಗಿಂತ ದೊಡ್ಡದಲ್ಲ, ಇದು ಮೇಜಿನ ಸುತ್ತ ಕೂತವರಿಗೆಲ್ಲ ಗೊತ್ತು. ಆರ್ವಿಲನ ಆಮ್ಲಜನಕದ ಡಬ್ಬಿ ಉಸ್ ಉಸ್ ಅನ್ನುತ್ತಿತ್ತು.

"ಆಚೆ ಪಕ್ಕದ ಚರ್ಮದಡಿ ಕೂತಿತ್ತು," ಅಂದಳು ಟ್ವೈಲಾ. "ಇಂಥವು ನನ್ ಹತ್ರ ಒಂದು ಜಾಡಿ ತುಂಬ ಇವೆ. ಎಲ್ಲ ಮಾವಂದು."

ಡೆನ್ವರ್ ಅದನ್ನು ಎತ್ತಿ ಬೆಳಕಿಗೆ ಹಿಡಿದ. ಕರ್ನಲ್ ಅಂದಮೇಲೆ ತನ್ನ ಸೈನಿಕನನ್ನು ಕೈಬಿಡಬಾರದು. "ತಡೀರಿ, ತಡೀರಿ. ಇದು ಕಾಡಲ್ಲಿ ಇನ್ನೊಬ್ಬ ಇದ್ದ ಅನ್ನೋದಕ್ಕೆ ಸಾಕ್ಷಿ. ನಮ್ ವೆಂಡೆಲ್ ಮೇಲೆ ಕಣ್ಣಿಡೋಕೆ ಅವ್ರು ಜನ ಬಿಟ್ಟವ್ರೆ. ಇದು ಸರ್ಕಾರದ ಗುಂಡು."

"ಸರ್ಕಾರದೋನು ಗುಡ್ಡ ಹತ್ತಿ ಬಂದು ವೆಂಡೆಲ್‌ಗೆ ಜಿಂಕೆ ಹೊಡ್ಕೊಟ್ಟು ಹೋದ್ನಾ?" ಆರ್ವಿಲ್ ಕೇಳಿದ. "ಇಷ್ಟ್ ಒಳ್ಳೇ ಸರ್ಕಾರಾನ ನಾನು ನೋಡೇ ಇಲ್ವಲ್ಲ!"

"ಅವ್ರ ಕುತಂತ್ರ ನಿಂಗರ್ಥ ಆಗಲ್ಲ ಮಾಮ," ಅಂದ ಡೆನ್ವರ್.

"ಆಯ್ತಪ್ಪಾ, ಹಂಗೇ ಇರ್ಲಿ," ಅಂದಳು ಟ್ವೈಲಾ. "ಜಿಂಕೆ ಹೊಡೆದದ್ದು ಸರ್ಕಾರ ಅಂದ್ರೆ ವೆಂಡೆಲ್ ಹೊಡೀಲಿಲ್ಲ. ನೆಲಮಾಳಿಗೆ ನಂದು. ವೆಂಡೆಲ್ಲೇ ಹೊಡೆದದ್ದು ಅಂದ್ರೆ ಮಾವನ ಬಂದೂಕಲ್ಲಿ ಹೊಡೆದದ್ದು. ಆಗ್ಲೂ ನಂದೇ. ಯಾವ್ದು ಬೇಕೋ ಆರಿಸ್ಕೊ."

ಎಲ್ಲರೂ ವೆಂಡೆಲನ ಮುಖ ನೋಡಿದರು. ಡೆನ್ವರ್ ಹುಬ್ಬು ಹಾರಿಸಿ ಸನ್ನೆ ಮಾಡಿದ: ಸರ್ಕಾರ ಅನ್ನು, ಸರ್ಕಾರ ಅನ್ನು. ಅದು ಸುಲಭವೂ ಆಗಿತ್ತು. ಹಾಗಂದರೆ ನೆಲಮಾಳಿಗೆ ಹೋದರೂ ಮುಖ್ಯಸ್ಥನ ಪದವಿ ಉಳಿಯುತ್ತದೆ. ಸರ್ಕಾರವೇ ಹಿಂದೆ ಬಿದ್ದ ಮನುಷ್ಯ ಅಂತ ಪಡೆಯಲ್ಲಿ ಇನ್ನೂ ಒಂದು ಬಡ್ತಿ ಸಿಕ್ಕರೂ ಸಿಕ್ಕೀತು. ವೆಂಡೆಲ್ ಬಾಯಿ ತೆರೆದ. ಆರ್ವಿಲ್ ಮಾಮ ರೊಟ್ಟಿ ಕೆಳಗಿಟ್ಟು ಅವನನ್ನೇ ನೋಡುತ್ತಿದ್ದ. ಆ ಮುದಿ ಬಂದೂಕನ್ನು ಅಪ್ಪ ಕೊಂಡ ದಿನ ಪಕ್ಕದಲ್ಲಿ ನಿಂತಿದ್ದವನು ಅವನು.

"ಅಪ್ಪಂದು," ಅಂದ ವೆಂಡೆಲ್. "ಅಪ್ಪನ ಬಂದೂಕಲ್ಲಿ ಹೊಡೆದೆ."

ಡೆನ್ವರ್ ಗುಂಡನ್ನು ಬಸಿಯಲ್ಲಿ ಹಾಕಿ, ಕರವಸ್ತ್ರದಿಂದ ಬೆರಳು ಒರೆಸಿಕೊಂಡ. ಶಿಸ್ತಿನ ವಿಚಾರ ಮುಂದಿನ ಸಭೆಯಲ್ಲಿ ಚರ್ಚೆಗೆ ಬರುತ್ತದೆ ಅಂದ. ಆ ಸಭೆ ಎಲ್ಲಿ ಸೇರಬೇಕೆಂದು ಹೇಳಲು ಅವನಿಗೂ ಆಗಲಿಲ್ಲ. ಆದರೆ ಎದ್ದು ಹೋಗಲಿಲ್ಲ. ಮಾಂಸ ಚೆನ್ನಾಗಿ ಬೆಂದಿತ್ತು. ಟ್ವೈಲಾ ಅವನಿಗೂ ಇನ್ನೆರಡು ತುಂಡು ಹಾಕಿದಳು.

ಹೊಸ ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಇನ್ಸ್‌ಪೆಕ್ಟರ್ ಬಂದರು. ಸಣ್ಣ ಕಾರು, ದಪ್ಪ ಕನ್ನಡಕ, ಕೈಯಲ್ಲಿ ಚೀಲ ಹಿಡಿದ ಹೆಂಗಸು. ಶೀತವಾಗಿ ಮೂಗು ಕೆಂಪಾಗಿತ್ತು. ಪಡೆಯವರು ಯಾರೂ ರಸ್ತೆಯಲ್ಲಿರಲಿಲ್ಲ, ಚಳಿ ಹೆಚ್ಚಿತ್ತು. ಟ್ವೈಲಾ ಒಳಗಿನಿಂದ, "ವೆಂಡೆಲ್, ಬಾಗ್ಲು" ಅಂದಳು. ವೆಂಡೆಲ್ ಹೋಗಿ ಬಾಗಿಲು ತೆಗೆದ.

"ಜಗಲಿ ಒಂದು ಕಡೆ ವಾಲಿದೆಯಲ್ಲ, ಯಾರು ಕಟ್ಟಿದ್ದು?" ಒಳಗೆ ಬರುತ್ತಲೇ ಆಕೆ ಕೇಳಿದರು.

"ಹಳೇದು ಮೇಡಂ," ಅಂದ ವೆಂಡೆಲ್.

ನೆಲಮಾಳಿಗೆಯಲ್ಲಿ ಬಂದೂಕಿನ ಮೇಜು ಇದ್ದ ಕಡೆ ಈಗ ತಲೆ ತೊಳೆಯುವ ತೊಟ್ಟಿ ಇತ್ತು. ಆರ್ವಿಲ್ ಮಾಮ ತನ್ನ ಮೆಷಿನ್ನು ತಂದು ಕುರ್ಚಿಯನ್ನು ಕಾಂಕ್ರೀಟಿಗೆ ಜಡಿದು ಹೋಗಿದ್ದ. ಆಕೆ ನಲ್ಲಿ ತಿರುಗಿಸಿ ಬಿಸಿನೀರು ನೋಡಿದರು, ಕಿಟಕಿ ತೆಗೆದು ಗಾಳಿ ನೋಡಿದರು, ಮೂಸಿ ನೋಡಿ ಇದೇನು ಎಣ್ಣೆ ವಾಸನೆ ಅಂದರು. ವೆಂಡೆಲ್ ಎಲ್ಲದಕ್ಕೂ ಹೌದು ಮೇಡಂ, ಇಲ್ಲ ಮೇಡಂ ಅಂದ. ಆಮೇಲೆ ಆಕೆ ಚೀಲದಿಂದ ಅಳತೆ ಪಟ್ಟಿ ತೆಗೆದು, ಅದರ ಒಂದು ತುದಿಯನ್ನು ಅವನ ಕೈಗೆ ಕೊಟ್ಟರು. "ಆ ಗೋಡೆಗೆ ಹೋಗಿ ಹಿಡ್ಕೊಳ್ಳಿ ಸ್ವಲ್ಪ."

ವೆಂಡೆಲ್ ಗೋಡೆಗೆ ಹೋಗಿ, ಮಂಡಿಯೂರಿ, ಪಟ್ಟಿಯ ತುದಿಯನ್ನು ಇಟ್ಟಿಗೆಗೆ ಒತ್ತಿ ಹಿಡಿದ.

"ಜಾರ್ತಾ ಇದೆ ನೋಡಿ," ಅಂದರು ಇನ್ಸ್‌ಪೆಕ್ಟರ್, ಕನ್ನಡಕದ ಮೇಲಿಂದ.

ಅವನು ಎರಡೂ ಕೈ ಹಾಕಿ ಹಿಡಿದುಕೊಂಡ.